ಹಾರದವನ ಲಾಗ್‌ಬುಕ್

ಹೊರಟ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲು ನಮ್ಮ ಕಡೆ ಕಾರಣಗಳಿಗೆ ಬರವಿಲ್ಲ. ರಾಹುಕಾಲ ಉಂಟು, ಹಲ್ಲಿ ನುಡಿಯುವುದುಂಟು, ಸೂತಕ ಉಂಟು, ಆಟಿ ತಿಂಗಳು ಉಂಟು, ಬಾಗಿಲ ಬಳಿ ಯಾರೋ ಸೀನುವುದಂತೂ ಉಂಟೇ ಉಂಟು. ಮಳೆ ಮಾತ್ರ ಕಾರಣವೇ ಅಲ್ಲ. ಮಳೆಗೆ ಹೆದರಿ ಕೂತರೆ ಮಲ್ಪೆಯಲ್ಲಿ ನಾಲ್ಕು ತಿಂಗಳು ಮನೆಗೆ ಹಾಲು ಬರಲಿಕ್ಕಿಲ್ಲ. ಇಂಥ ಊರಿನಿಂದ ನನ್ನ ಅಕ್ಕನ ಮಗ ವಿಮಾನ ಹಾರಿಸುವುದನ್ನು ಕಲಿಯಲು ಬೆಂಗಳೂರಿನ ಜಕ್ಕೂರಿಗೆ ಹೋದ.

ನನ್ನ ಅಮ್ಮ ಸಂಜೆಗೊಮ್ಮೆ ಫೋನು ಹಚ್ಚುತ್ತಿದ್ದಳು. "ಇವತ್ತು ಹಾರಿದ್ಯಾ ಮಗಾ?"

"ಇಲ್ಲ ಅಜ್ಜಿ. ಮೋಡ ಇತ್ತು."

"ಮೋಡ ಇದ್ರೆ ಎಂತದು? ವಿಮಾನದ ಒಳಗೆ ಮಳೆ ಬರ್ತದಾ?"

ಕಲಿಯುವ ಹುಡುಗರು ಹಾರುವುದು ಕಣ್ಣಿಗೆ ಕಂಡದ್ದನ್ನು ನಂಬಿ. ಮೋಡದ ತಳ 1500 ಅಡಿಗಿಂತ ಕೆಳಗಿದ್ದರೆ, ಎದುರಿಗೆ 5 ಕಿಲೋಮೀಟರ್ ಕಾಣದಿದ್ದರೆ ಹೊರಡುವ ಹಾಗಿಲ್ಲ. ಬೆಂಗಳೂರಿನ ಚಳಿಗಾಲದಲ್ಲಿ ಬೆಳಿಗ್ಗೆ ಮಂಜು. ಮಂಜು ಕರಗಿ ಬಿಸಿಲೇರಿದರೆ ಗಾಳಿ ಕುಲುಕತೊಡಗುತ್ತದೆ. ಏಪ್ರಿಲ್-ಮೇಯಲ್ಲಿ ಮಧ್ಯಾಹ್ನ ಕಳೆದರೆ ಗುಡುಗಿನ ಮೋಡ. ಜಕ್ಕೂರು ಇರುವುದೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲೆ. ಬಿಸಿಗೆ ಅಲ್ಲಿನ ಗಾಳಿ ಇನ್ನಷ್ಟು ತೆಳುವಾಗಿ, ಸಣ್ಣ ವಿಮಾನ ಏಳಲು ಮೈಮುರಿಯುತ್ತದೆ. ಇದನ್ನೆಲ್ಲ ಅವನು ವಿವರಿಸಿದ. ಅಮ್ಮ ಕೇಳಿ, "ಹಾಗಾದ್ರೆ ಹಾರುವುದು ಯಾವಾಗ?" ಎಂದಳು.

ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಹಾರಿದ ನಿಮಿಷ ನಿಮಿಷವೂ ಲಾಗ್‌ಬುಕ್ಕಿಗೆ ಏರುತ್ತದೆ. ಗಾಳಿಚೀಲ ಅಡ್ಡಡ್ಡ ನಿಂತದ್ದು ನೋಡಿ, ಬುದ್ಧಿ ಉಪಯೋಗಿಸಿ ಕ್ಯಾಂಟೀನಿನಲ್ಲಿ ಚಹಾ ಕುಡಿದು ಬಂದದ್ದಕ್ಕೆ ಅದರಲ್ಲಿ ಕಾಲಂ ಇಲ್ಲ.

ಒಮ್ಮೆ ಹುಡುಗ ಶೀತವೆಂದು ಹಾರಲಿಲ್ಲ. ಮೂಗು ಕಟ್ಟಿಕೊಂಡು ಮೇಲೆ ಹೋದರೆ ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿಹೋಗದೆ ಪ್ರಾಣ ಹಿಂಡುವಷ್ಟು ನೋವು. ಹೊರಡುವ ಮುಂಚೆ ವಿಮಾನವನ್ನು ಸುತ್ತು ಹಾಕಿ ನೋಡುವಂತೆ ತನ್ನನ್ನೂ ನೋಡಿಕೊಳ್ಳಬೇಕಂತೆ: ಕಾಯಿಲೆ ಉಂಟಾ, ಔಷಧಿ ತೆಗೆದುಕೊಂಡದ್ದುಂಟಾ, ನಿದ್ದೆ ಆಗಿದೆಯಾ, ಹೊಟ್ಟೆಗೆ ಬಿದ್ದಿದೆಯಾ, ತಲೆಬಿಸಿ ಏನಾದರೂ ಉಂಟಾ. ಅಮ್ಮನಿಗೆ ಹೊಟ್ಟೆಯ ವಿಷಯ ಒಂದು ಹಿಡಿಸಿತು. ಶೀತಕ್ಕೆ ಕಾಳುಮೆಣಸಿನ ಕಷಾಯ ಹೇಳಿದಳು.

ಮನೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದ್ದು ಬಂದರಿನಲ್ಲಿ ಬೋಟು ನಡೆಸುವ ತಾಂಡೇಲನಾಗಿದ್ದ ಮಾವ ಒಬ್ಬರೇ.

"ಗಾಳಿ ಯಾವ ಕಡೆಯಿಂದ?"

ಹುಡುಗನ ಸ್ವರ ಏರಿತು. ಜಕ್ಕೂರಿನ ರನ್‌ವೇ ಹೆಚ್ಚುಕಡಿಮೆ ಪೂರ್ವ-ಪಶ್ಚಿಮ. ತೆಂಕಣ ಗಾಳಿ ಜೋರಾದರೆ ಇಳಿಯುವ ವಿಮಾನವನ್ನು ಪಕ್ಕಕ್ಕೆ ತಳ್ಳುತ್ತದೆ. ಸೆಸ್ನಾ 172 ವಿಮಾನದ ಕೈಪಿಡಿ ಅಡ್ಡಗಾಳಿಗೆ ಹೇಳುವ ಲೆಕ್ಕ 15 ನಾಟ್. ಕಲಿಯುವವನಿಗೆ ಅಷ್ಟೂ ಹೆಚ್ಚು. ಮಾವ ತಲೆಯಾಡಿಸಿದರು. "ನಮ್ಮದೂ ಅದೇ. ಹೋಗುವಾಗ ಎಂತ ಇಲ್ಲ. ಬರುವಾಗ ಅಳಿವೆಬಾಗಿಲಲ್ಲಿ ಕಡಲು ಎದ್ದಿರ್ತದೆ."

ಆ ಮೇಲೆ ಅವರಿಬ್ಬರದೇ ಮಾತು. ಬೋಟಿಗೆ ಡೀಸೆಲ್ ತುಂಬಿಸಿ, ಐಸ್ ಹಾಕಿಸಿ, ಕಲಾಸಿಗಳು ಅಕ್ಕಿ-ಸಾಮಾನು ಏರಿಸಿ ಆದ ಮೇಲೆ "ಇವತ್ತು ಬೇಡ" ಅನ್ನುವುದು ಎಷ್ಟು ಕಷ್ಟ ಎಂದು ಮಾವ ಹೇಳಿದರು. ಅದಕ್ಕಿಂತ ಕಷ್ಟ, ಪಕ್ಕದ ಬೋಟು ಹೊರಟು ಹೋದದ್ದನ್ನು ದಕ್ಕೆಯಲ್ಲಿ ನಿಂತು ನೋಡುವುದು. ಹುಡುಗ ಕೂಡಲೇ ಒಪ್ಪಿದ. ಅವನ ಬ್ಯಾಚಿನವನೊಬ್ಬ ಮೇಲೆ ಹಾರುತ್ತಿದ್ದರೆ ಕೆಳಗಿನ ಗಾಳಿಯೂ ಕಡಿಮೆಯಾದಂತೆ ಕಾಣುತ್ತದಂತೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಸರಕಾರದ್ದೇ ನಿಷೇಧ. ಆ 61 ದಿನ ಮಾವನಿಗೆ ಚಿಂತೆಯಿರಲಿಲ್ಲ, ಬೇಡ ಅನ್ನುವ ಕೆಲಸವನ್ನು ಬೇರೆಯವರು ಮಾಡುತ್ತಿದ್ದರು. ಉಳಿದ ತಿಂಗಳುಗಳಲ್ಲಿ ಅದು ತಾಂಡೇಲನ ತಲೆಗೆ. ಹೋದವನು ತುಂಬ ಮೀನು ತಂದರೆ ಹೋಗದವನಿಗೆ ಊರೆಲ್ಲ ಹೆದರುಪುಕ್ಕಲ ಎಂಬ ಬಿರುದು. "ಎರಡು ದಿನ ಹೇಳ್ತಾರೆ. ಮೂರನೇ ದಿನ ಅವರಿಗೂ ಬೇರೆ ಕೆಲಸ ಉಂಟು," ಎಂದರು ಮಾವ.

ಹುಡುಗ ಈಗ ಸಲೀಸಾಗಿ "ಇವತ್ತು ಇಲ್ಲ" ಎನ್ನುತ್ತಾನೆ. ಅಮ್ಮನೂ ಬದಲಾಗಿದ್ದಾಳೆ, ಆದರೆ ಅವಳ ದಾರಿಯೇ ಬೇರೆ. ಮೊನ್ನೆ ಕಾರ್ಕಳದ ಮದುವೆಗೆಂದು ಉಡುಪಿ ಸ್ಟ್ಯಾಂಡಿಗೆ ಹೋದೆವು. ಧೋ ಮಳೆ. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನವರ ವೇಗ, ನಿಮಿಷದ ಲೆಕ್ಕ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಆ ಶಾಸ್ತ್ರದಲ್ಲಿ ಮುಂದೂಡುವುದು ಎಂಬ ಅಧ್ಯಾಯವೇ ಇಲ್ಲ. ಅಮ್ಮ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತು ಕಂಡಕ್ಟರನನ್ನು ಕೇಳಿದಳು: "ಡ್ರೈವರಿಗೆ ರಾತ್ರಿ ನಿದ್ದೆ ಆಗಿದ್ಯಾ? ಶೀತ ಗೀತ ಎಂತ ಇಲ್ವಲ್ಲ?"

"ಅಮ್ಮಾ, ನಿಮಗೆ ಹುಡುಗ ನೋಡ್ಲಿಕ್ಕಾದ್ರೆ ಅವನಿಗೆ ಮದುವೆ ಆಗಿದೆ. ಹತ್ತಿ ಹತ್ತಿ, ಟೈಮಾಯ್ತು. ರೈಟ್!"