ಹೊಸ ಐಟಂ ಯಜಮಾನರು

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಒಂದು ದರ್ಶಿನಿ ಇದ್ದೇ ಇರುತ್ತದೆ. ಅದರ ಕ್ಯಾಷ್ ಕೌಂಟರಿನ ಹಿಂದೆ, ದೇವರ ಪಟಕ್ಕೂ ಕ್ಯೂಆರ್ ಕೋಡಿಗೂ ನಡುವೆ, ಒಬ್ಬರು ಮೊಬೈಲಿನೊಳಗೆ ಮುಖವಿಟ್ಟು ಕೂತಿರುತ್ತಾರೆ. ಲೆಕ್ಕ ನೋಡುತ್ತಿದ್ದಾರೆಂದು ಭಾವಿಸಬೇಡಿ. ಯಾವುದೋ ಊರಿನಲ್ಲಿ ಯಾರೋ ದೋಸೆಯ ಮೇಲೆ ಐಸ್‌ಕ್ರೀಂ ಸವರುವ ವಿಡಿಯೊ ಓಡುತ್ತಿರುತ್ತದೆ. ಇವರೇ ಹೊಸ ಐಟಂ ಯಜಮಾನರು.

ಇವರಿಗೆ ಜ್ಞಾನೋದಯವಾಗುವುದು ಸರಿಯಾಗಿ ಮಧ್ಯಾಹ್ನ ಮೂರಕ್ಕೆ. ಊಟದ ಗಿರಾಕಿಗಳು ಮುಗಿದಿರುತ್ತಾರೆ, ಸಂಜೆಯ ಬೋಂಡಾಕ್ಕೆ ಇನ್ನೂ ಎಣ್ಣೆ ಇಟ್ಟಿರುವುದಿಲ್ಲ. ಅಡುಗೆಮನೆಯವರು ಗೋಡೆಗೊರಗಿ ಕಾಲು ಚಾಚುವುದು ಅದೊಂದೇ ಹೊತ್ತು. "ಭಟ್ರೇ, ಒಂದು ಹೊಸ ಐಟಂ ಹೊಳೆದಿದೆ" ಎನ್ನುತ್ತ ಯಜಮಾನರು ಒಳಗೆ ಬರುತ್ತಾರೆ. ಕುಂದಾಪುರದ ಕಡೆಯ ಭಟ್ಟರು ಕಾಲು ಮಡಚಿಕೊಂಡು, "ಅಡ್ಡಿಲ್ಲ ಯಜಮಾನ್ರೇ, ಮಾಡುವ" ಎನ್ನುತ್ತಾರೆ. ಬೇಡವೆಂದರೆ ವಿಡಿಯೊ ತೋರಿಸುತ್ತಾರೆಂಬುದು ಅವರಿಗೆ ಗೊತ್ತು.

ಯಜಮಾನರ ಸಂಶೋಧನೆಗೆ ಷರತ್ತುಗಳು ಎರಡೇ: ಹೊಸ ಪಾತ್ರೆ ಕೇಳಬಾರದು, ಹೊಸ ಆಳು ಕೇಳಬಾರದು. ರಾತ್ರಿ ರುಬ್ಬಿಟ್ಟ ಅದೇ ಹಿಟ್ಟು, ಅದೇ ಆಲೂಗೆಡ್ಡೆ ಪಲ್ಯ, ಅದೇ ಸಾಗು, ಅದೇ ಎರಡು ಚಟ್ನಿ. ಇಷ್ಟರಲ್ಲೇ ಹೊಸ ಲೋಕ ಸೃಷ್ಟಿಯಾಗಬೇಕು. ಕೆಂಪು ಸಾಸ್ ಸವರಿದರೆ ಶೆಜ್ವಾನ್ ದೋಸೆ, ಚೀಸ್ ತುರಿದರೆ ಪಿಜ್ಜಾ ದೋಸೆ, ನೂಡಲ್ಸ್ ತುರುಕಿದರೆ ಸ್ಪ್ರಿಂಗ್ ದೋಸೆ, ಹಂಚಿನ ಅಂಚು ಮುಟ್ಟುವಂತೆ ಹುಯ್ದರೆ ಬಾಹುಬಲಿ ದೋಸೆ. ಥಿಯೇಟರಿಗೆ ಹೊಸ ಸಿನಿಮಾ ಬಂದರೆ ಬೋರ್ಡಿನ ಮೇಲೆ ಹೊಸ ಹೆಸರು ಬರುತ್ತದೆ. ಹಿಟ್ಟಿಗೆ ಅದರ ಸುದ್ದಿಯೇ ಇರುವುದಿಲ್ಲ.

ಅವರಲ್ಲಿ ಇತಿಹಾಸಜ್ಞಾನಕ್ಕೂ ಕೊರತೆಯಿಲ್ಲ. "ನೋಡಿ ಭಟ್ರೇ, ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗಲಿಲ್ಲ. ಎಂಟಿಆರ್‌ನವರು ಸುಮ್ಮನೆ ಕೂತರೇ? ರವೆಯಲ್ಲಿ ಇಡ್ಲಿ ಮಾಡಿದರು. ಮದ್ದೂರು ಸ್ಟೇಷನ್ನಿಗೆ ರೈಲು ಬೇಗ ಬಂತಂತೆ, ಪಕೋಡ ಬಿಡಲು ಹೊತ್ತಿಲ್ಲದೆ ಹಿಟ್ಟನ್ನು ಹಾಗೇ ತಟ್ಟಿ ಕರಿದರಂತೆ. ಇವತ್ತಿಗೂ ಮದ್ದೂರು ವಡೆ ಮಾರಾಟವಾಗುತ್ತಿದೆ!" ಭಟ್ಟರು ತಣ್ಣಗೆ ಉತ್ತರಿಸುತ್ತಾರೆ: "ಒಬ್ರಿಗೆ ಅಕ್ಕಿ ಇರ್ಲಿಲ್ಲ, ಇನ್ನೊಬ್ರಿಗೆ ಪುರ್ಸೊತ್ತು ಇರ್ಲಿಲ್ಲ. ನಮ್ಗೆ ಎರಡೂ ಉಂಟಲ್ಲ ಯಜಮಾನ್ರೇ!"

ಸರ್ಕಾರದ ಆದೇಶವೂ ಅವರ ಕೈಯಲ್ಲಿ ಹೊಸ ಐಟಂ ಆಗುತ್ತದೆ. ಮುಂಬೈಯ ನೆಲ್ಸನ್ ವಾಂಗ್ 1975ರಲ್ಲಿ ಕೋಳಿಯಲ್ಲಿ ಮಾಡಿದ ಮಂಚೂರಿ ಹೂಕೋಸಿಗೆ ಇಳಿದು, ನಮ್ಮ ಬೀದಿಗಳಲ್ಲಿ ಕೆಂಪೇರುತ್ತ ಬಂದಿತ್ತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದಿತು. ಉಳಿದವರು ಬಣ್ಣ ಬಿಟ್ಟರು. ನಮ್ಮ ಯಜಮಾನರು ಬೀಟ್‌ರೂಟ್ ಅರೆದು ಹಾಕಿಸಿ, "ಆರೋಗ್ಯ ಗೋಬಿ" ಎಂದು ಬರೆಸಿ ಇಪ್ಪತ್ತು ರೂಪಾಯಿ ಏರಿಸಿದರು.

ಒಮ್ಮೆ ಸಲಹೆಗಾರರೊಬ್ಬರನ್ನೂ ಕರೆತಂದರು. ಅವರು ಡಿಜಿಟಲ್ ತಕ್ಕಡಿ ಹಿಡಿದು ಭಟ್ಟರ ಎದುರು ನಿಂತರು. "ಉಪ್ಪು ಎಷ್ಟು ಗ್ರಾಂ?" "ಬೇಕಾದಷ್ಟು." "ಅಂದರೆ?" "ಸಾಕಾಗುವಷ್ಟು." ಕೊನೆಗೆ ಭಟ್ಟರ ಮುಷ್ಟಿಯಿಂದಲೇ ಉಪ್ಪು ಸುರಿಸಿಕೊಂಡು ತೂಗಿ ಕಾರ್ಡು ಬರೆದರು. ಒಂದು ಪ್ಲೇಟಿನ ಲೆಕ್ಕವನ್ನು ನೂರರಿಂದ ಗುಣಿಸಿ ಉಪ್ಪು, ಖಾರ ಸುರಿದ ದಿನ ಇಡೀ ಹೋಟೆಲು ನೀರು ಕುಡಿಯಿತು. ಕಾರ್ಡಿನಲ್ಲಿ ಈರುಳ್ಳಿಯ ಬೆಲೆಯೂ ಇತ್ತು. ಮರುವಾರ ಈರುಳ್ಳಿ ಏರಿತು, ಕಾರ್ಡಿನಲ್ಲಿದ್ದ ಲಾಭ ಕಾರ್ಡಿನಲ್ಲೇ ಉಳಿಯಿತು. ತಕ್ಕಡಿ ಈಗ ಸೊಪ್ಪಿನವನ ಕಟ್ಟುಗಳನ್ನು ತೂಗಲು ಬಳಕೆಯಾಗುತ್ತಿದೆ.

ರುಚಿ ನೋಡುವ ಸಮಿತಿಯೂ ಉಂಟು. ಸಂಬಳದ ದಿನ ಹತ್ತಿರವಿರುವುದರಿಂದ ಸಪ್ಲೈಯರ್ ಹುಡುಗರು "ಸೂಪರ್ ಸಾರ್" ಎನ್ನುತ್ತಾರೆ. ದಿನಾ ಬೈಟು ಕಾಫಿಗೆ ಬರುವ ಪಿಂಚಣಿದಾರರು ಪ್ಲೇಟು ಖಾಲಿ ಮಾಡಿ, "ಸರಿಯಾಗಿ ಹೇಳಬೇಕೆಂದರೆ ಇನ್ನೊಂದು ತಿನ್ನಬೇಕು" ಎನ್ನುತ್ತಾರೆ. ತೀರ್ಪು ಸರ್ವಾನುಮತದಿಂದ ಪಾಸಾಗುತ್ತದೆ.

ನಿಜವಾದ ಪರೀಕ್ಷೆ ಮರುದಿನ ಬೆಳಿಗ್ಗೆ ಎಂಟೂವರೆಗೆ. ಮಧ್ಯಾಹ್ನ ಸಣ್ಣ ಉರಿಯಲ್ಲಿ, ತುಪ್ಪ ಬಿಟ್ಟು, ಕ್ಯಾಪ್ಸಿಕಂ ಚೂರುಗಳನ್ನು ಹೂವಿನ ಆಕಾರದಲ್ಲಿ ಜೋಡಿಸಿ ಮಾಡಿದ ಆ ಒಂದು ದೋಸೆ ಈಗ ಹಂಚಿನ ಮೇಲೆ ಹನ್ನೆರಡು ಮಸಾಲೆ ದೋಸೆಗಳ ಜೊತೆ ಜಾಗಕ್ಕೆ ಜಗಳವಾಡಬೇಕು. ಭಟ್ಟರ ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಸಟ್ಟುಗ. ಹೂವು ಜೋಡಿಸಲು ಮೂರನೆಯ ಕೈ ಇಲ್ಲ. ಅಷ್ಟಕ್ಕೂ ಕೇಳುವವರು ಯಾರು? ಆಫೀಸಿಗೆ ಓಡುವ ಗಿರಾಕಿ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಶ್ರದ್ಧೆಯಿಂದ ಓದಿ, "ಒಂದು ಇಡ್ಲಿ ವಡೆ, ಡಿಪ್" ಎನ್ನುತ್ತಾನೆ. ಕ್ಯಾಷಿಯರ್ ಅಷ್ಟರಲ್ಲಾಗಲೇ ಆ ಬಟನ್ ಒತ್ತಿರುತ್ತಾನೆ. ಹದಿನೈದು ದಿನದಲ್ಲಿ ಹೊಸ ಐಟಂ ಮೇಲೆ ಬಿಳಿ ಸ್ಟಿಕ್ಕರ್ ಬೀಳುತ್ತದೆ. ಸ್ಟಿಕ್ಕರ್ ಮೇಲೆ ಸ್ಟಿಕ್ಕರ್ ಬಿದ್ದು ಬೋರ್ಡಿನ ಆ ಮೂಲೆ ದಪ್ಪಗಾಗಿದೆ.

ಆದರೂ ಆ ಹೋಟೆಲಿನಲ್ಲಿ ಒಂದು ಹೊಸ ಐಟಂ ಗೆದ್ದಿದೆ. ಸಂಜೆ ನಾಲ್ಕಕ್ಕೆ ತಳದಲ್ಲಿ ಉಳಿದ, ಹುಳಿಯೇರಿದ ಹಿಟ್ಟಿಗೆ ಭಟ್ಟರು ಈರುಳ್ಳಿ, ಹಸಿಮೆಣಸು, ಸಬ್ಬಸಿಗೆ ಸೊಪ್ಪು ಕಲಸಿ, ದಪ್ಪಗೆ ಹುಯ್ದು ಮುಚ್ಚಿ ಬೇಯಿಸಿ, ಚಟ್ನಿಪುಡಿ ಉದುರಿಸಿ ಅಡುಗೆಮನೆಯವರಿಗೆ ಹಂಚುತ್ತಿದ್ದರು. ಪರಿಮಳ ಕೌಂಟರ್ ದಾಟಿ ಹೊರಗೆ ಬಂತು. ಪಿಂಚಣಿದಾರರು ಮೂಗರಳಿಸಿ, "ಅದೇನ್ರೀ ಅದು? ಅದನ್ನೇ ಕೊಡಿ" ಎಂದರು, ದುಡ್ಡು ಕೊಟ್ಟು ತಿಂದರು! ಯಜಮಾನರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಈಗ ಅದು ಬೋರ್ಡಿನಲ್ಲಿ "ಯಜಮಾನ್ ಸ್ಪೆಷಲ್", ಎಂಬತ್ತು ರೂಪಾಯಿ. ಹೇಗೆ ಹೊಳೆಯಿತೆಂದು ಕೇಳಿದರೆ ಯಜಮಾನರು ಮಹಾಯುದ್ಧದಿಂದ ಶುರು ಮಾಡುತ್ತಾರೆ. ಭಟ್ಟರ ದೂರು ಒಂದೇ: ಹಿಟ್ಟೆಲ್ಲ ಗಿರಾಕಿಗಳ ಪಾಲಾಗಿ, ಅಡುಗೆಮನೆಯವರಿಗೆ ನಾಲ್ಕು ಗಂಟೆಗೆ ಪಿಜ್ಜಾ ದೋಸೆ ತಿನ್ನುವ ಗತಿ ಬಂದಿದೆ.

ಆದ್ದರಿಂದ ಓದುಗರೇ, ಹೋಟೆಲಿನಲ್ಲಿ ಹೊಸ ರುಚಿ ನೋಡುವ ಆಸೆಯಾದರೆ ಬೋರ್ಡ್ ಓದಬೇಡಿ. ಸಂಜೆ ನಾಲ್ಕಕ್ಕೆ ಹೋಗಿ, ಭಟ್ಟರ ತಟ್ಟೆಯಲ್ಲಿ ಏನಿದೆಯೆಂದು ಇಣುಕಿ, ಅದನ್ನೇ ಕೇಳಿ. ಯಜಮಾನರು ಅದಕ್ಕೆ ಹೆಸರಿಡುವ ಮೊದಲೇ ಹೋದರೆ ಅಗ್ಗವಾಗಿಯೂ ಸಿಗುತ್ತದೆ.