ಗೃಹಾಂಕ ಮೀಮಾಂಸೆ

ಶಾಲೆಗೆ ಹೋಗದೆ ಮನೆಯಲ್ಲೇ ಕಲಿಯುವ ಮಗುವಿನ ಬರವಣಿಗೆಯಲ್ಲಿ ಅಂಕದ ಪಾತ್ರವೇನು ಎಂಬ ಗಹನ ವಿಷಯಕ್ಕೆ ಕೈಹಾಕುವ ಮುನ್ನ ‘ಅಂಕ’ ಶಬ್ದವನ್ನೇ ವಿಚಾರಿಸತಕ್ಕದ್ದು. ಅಂಕವೆಂದರೆ ತೊಡೆ, ನಾಟಕದ ಭಾಗ, ಕಾಳಗ. ತುಳುನಾಡಿನ ಕೋಳಿ ಅಂಕದಲ್ಲಿ ಹುಂಜದ ಕಾಲಿಗೆ ಕತ್ತಿಯನ್ನೂ ಕಟ್ಟುತ್ತಾರೆ. ಶಾಲೆಗಳು ಇವನ್ನೆಲ್ಲ ಬಿಟ್ಟು ಬರೀ ಮಾರ್ಕ್ಸ್ ಉಳಿಸಿಕೊಂಡವು. ಮನೆಶಾಲೆಯಲ್ಲಾದರೋ ಅಷ್ಟೂ ಅರ್ಥಗಳು ಒಂದೇ ಬೆಳಗ್ಗೆ, ತಿಂಡಿಗೆ ಮುಂಚೆಯೇ, ಸಿದ್ಧಿಸುತ್ತವೆಂಬುದು ಈ ಪ್ರಬಂಧದ ಪ್ರತಿಜ್ಞೆ.

ಪ್ರಯೋಗಸ್ಥಳ, ಬೆಂಗಳೂರಿನ ನಮ್ಮ ಬಾಡಿಗೆ ಮನೆ. ವಿದ್ಯಾರ್ಥಿ ಒಬ್ಬ, ವಯಸ್ಸು 10. ಪರೀಕ್ಷಕಿ ಅವನ ತಾಯಿ. ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನ ಹತ್ತನೇ ತರಗತಿ ಪರೀಕ್ಷೆಗೆ ಕೂರಲು 14 ತುಂಬಿರಬೇಕು; ಅಲ್ಲಿಯತನಕ ಪರೀಕ್ಷಾ ಮಂಡಳಿ ಅಡುಗೆಮನೆಯಲ್ಲೇ ಸಭೆ ಸೇರುತ್ತದೆ. ಲೇಖಕ ವೀಕ್ಷಕ ಮಾತ್ರ. ವೀಕ್ಷಕ ಬಾಯಿ ಹಾಕಬಾರದೆಂಬುದು ಸಂಶೋಧನೆಯ ನಿಯಮ, ಮನೆಯದ್ದೂ ಹೌದು.

ಪೂರ್ವಪಕ್ಷ: ಅಂಕವಿಲ್ಲದೆ ಬರಹ ಬಾರದು. ಹೀಗೆನ್ನುವವರು ನೆರೆಮನೆಯವರು, ಸೋದರಮಾವಂದಿರು. ಖಂಡನೆ: ಕೂಲಿಮಠದ ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಬೆತ್ತವಿತ್ತು, ಕೋದಂಡವಿತ್ತು, ಅಂಕವಿರಲಿಲ್ಲ, ಅಕ್ಷರವೇನೋ ಬಂತು. ನೋಡಿ, ಬರೆದದ್ದರ ಮೇಲೇ ಬರೆದು ಕಲಿಯುವುದಕ್ಕೂ ತಪ್ಪನ್ನು ಸರಿಮಾಡುವುದಕ್ಕೂ ಕನ್ನಡದಲ್ಲಿ ‘ತಿದ್ದು’ ಒಂದೇ ಮಾತು. ಒಂದನ್ನು ಮಗು ಮಾಡಬೇಕು, ಇನ್ನೊಂದನ್ನು ಗುರು. ನಡುವೆ ಸಂಖ್ಯೆ ಎಲ್ಲಿ ನುಸುಳಿತೋ! (ಗಂಭೀರವಾಗಿದ್ದಕ್ಕೆ ಕ್ಷಮೆ ಇರಲಿ.)

ಪಾಶ್ಚಾತ್ಯ ಪ್ರಮಾಣವೂ ಬೇಕಲ್ಲ. 1912ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಒಂದೇ ಇಂಗ್ಲಿಷ್ ಉತ್ತರಪತ್ರಿಕೆಯನ್ನು ಅನೇಕ ಶಾಲೆಗಳಿಗೆ ಕಳಿಸಿದರು. 142 ಶಿಕ್ಷಕರು ಕೊಟ್ಟ ಅಂಕ 64ರಿಂದ 98ರವರೆಗೆ ಹರಡಿಕೊಂಡಿತು. ಇಷ್ಟಕ್ಕೆ 142 ಮಂದಿಯನ್ನು ದಣಿಸಿದ್ದು ದುಂದು. ನಮ್ಮಲ್ಲಿ ಹಾಲು ಉಕ್ಕುವ ಮುಂಚೆ ಒಂದು, ಉಕ್ಕಿದ ಮೇಲೆ ಒಂದು ಎಂದು ಒಬ್ಬರೇ ಪರೀಕ್ಷಕಿ ಆ ಅಂತರವನ್ನು ಸಾಧಿಸುತ್ತಾರೆ. 1988ರಲ್ಲಿ ಸಂಶೋಧಕಿ ರೂತ್ ಬಟ್ಲರ್ ಕಂಡಂತೆ, ಟಿಪ್ಪಣಿ ಮಾತ್ರ ಪಡೆದ ಮಕ್ಕಳು ಸುಧಾರಿಸಿದರು. ಜೊತೆಗೆ ಅಂಕವನ್ನೂ ಪಡೆದವರಿಗೆ ಟಿಪ್ಪಣಿ ಫಲಿಸಲಿಲ್ಲ. ನಮ್ಮವನಂತೂ ಅಂಕ ನೋಡಿ ಅತ್ತು ತಾಯಿಯ ತೊಡೆಯೇರಿದರೆ 4 ಇದ್ದದ್ದು 6 ಆಗುತ್ತದೆ. ತೊಡೆಯೆಂಬ ಅಂಕ ಹಾಳೆಯ ಅಂಕವನ್ನು ತಿದ್ದಿತೆಂದು ಗ್ರಹಿಸತಕ್ಕದ್ದು. ಅಜ್ಜಿಯದು ಬೇರೆಯೇ ಶಾಖೆ: ಅಕ್ಷರ ದುಂಡಗಿದ್ದರೆ 10ಕ್ಕೆ 11.

ಇನ್ನು ಸಿದ್ಧಾಂತ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದೊಯ್ದು, ಮರುದಿನ ಪ್ರಬಂಧ ಬರೆಸಲಾಯಿತು. ‘ಪರಿಷೆ ತುಂಬಾ ಚೆನ್ನಾಗಿತ್ತು’ ಎಂದು ಶುರುವಾಗಿ ಅಲ್ಲೇ ಮುಗಿಯುವಂಥ ಐದು ವಾಕ್ಯ. 4 ಬಂತು. ಈ ಬಾರಿ ಅವನು ಅಳಲಿಲ್ಲ. ಎಸ್ಸೆಸ್ಸೆಲ್ಸಿ ಓದುವ ಅಕ್ಕನಿಂದ ಮರುಮೌಲ್ಯಮಾಪನದ ವಿಚಾರ ಕೇಳಿ ತಿಳಿದು, ಕೋಣೆ ಸೇರಿ ಬಾಗಿಲು ಹಾಕಿಕೊಂಡ.

ಸಂಜೆ ಅರ್ಜಿ ಬಂತು, ಹುಂಡಿಯಿಂದ ತೆಗೆದ 5 ರೂಪಾಯಿ ಶುಲ್ಕದೊಂದಿಗೆ. ‘ಗೆ, ಪರೀಕ್ಷಕರು, ಅಡುಗೆಮನೆ. ಮಾನ್ಯ ಅಮ್ಮ, ಆ ನೂಕುನುಗ್ಗಲಿನಲ್ಲಿ ನನಗೆ ಬಸವಣ್ಣ ಕಾಣಲಿಲ್ಲ. ಅಪ್ಪನ ಅಂಗಿ ಹಿಡಿದುಕೊಂಡಿದ್ದೆ, ಅದರ ಬೆನ್ನಷ್ಟೇ ಕಂಡಿತು. ಅಲ್ಲಿ ಎರಡು ತೂತಿವೆ. ದೊಡ್ಡ ತೂತಿನೊಳಗೆ ನನ್ನ ಬೆರಳು ಹೋಗುತ್ತದೆ. ಕಡಲೆಕಾಯಿ ಸಿಪ್ಪೆ ಕಾಲಡಿ ಚರಚರ ಅನ್ನುತ್ತಿತ್ತು. ತೂತು ಅಂತ ಬರೆದದ್ದನ್ನು ನೀನು ಹೊಡೆದುಹಾಕಿದ್ದೀಯ. ನೋಡಿದ್ದನ್ನು ಬರಿ ಅಂತ ಹೇಳಿದ್ದೂ ನೀನೇ.’

ಪರೀಕ್ಷಕಿ ಎರಡು ಸಲ ಓದಿದರು. ವೀಕ್ಷಕನ ಬೆನ್ನನ್ನೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಅಂಕ ಹಾಕಲು ಕೆಂಪು ಪೆನ್ನು ಹುಡುಕಿದರು. ಸಿಗಲಿಲ್ಲ. ಅರ್ಜಿಯನ್ನು ಅವನು ಅದರಲ್ಲೇ ಬರೆದಿದ್ದ.