ಕರಡಿಗೆ ಗೂಬೆ ಮೋರೆ

ಚೌಕಾಬಾರ ಆಡೋಕೆ ದಾವಣಗೆರೆಯ ಅಜ್ಜಿಯರು ದುಡ್ಡು ಕೊಟ್ಟು ಕಾಯಿ ತಂದವರಲ್ಲ. ಒಡೆದ ಬಳೆಚೂರು, ಹುಣಸೆಬೀಜ, ನಾಲ್ಕು ಕವಡೆ. ಆಟ ಶುರು.

ಅಮೆರಿಕದಲ್ಲೂ ಇದೇ ಜಾಣ ಜುಗ್ಗತನ. 1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟ ಕಟ್ಟಿದವರಲ್ಲೊಬ್ಬರು ಗ್ಯಾರಿ ಗೈಗ್ಯಾಕ್ಸ್. ಕಾಯಿಗಳಾಗಲಿ ಅಂತ ಅಗ್ಗದ ಪ್ಲಾಸ್ಟಿಕ್ ಪ್ರಾಣಿಗಳನ್ನು ತಂದು ಮೇಜಿಗೆ ಸುರಿದರು. ಪ್ರಾಚೀನ ಪ್ರಾಣಿಗಳೆಂಬ ಹಣೆಪಟ್ಟಿಯೇನೋ ಇತ್ತು. ಆದರೆ ಅವು ಯಾವ ಡೈನೋಸಾರಿಗೂ ದೂರದ ನೆಂಟರೂ ಅಲ್ಲ. ಆ ವಿಕಾರಗಳಿಂದಲೇ ಹುಟ್ಟಿದವು, ಕತ್ತಿ ಗುರಾಣಿಗೆ ತುಕ್ಕು ಹಿಡಿಸಿ ನುಂಗುವ ಭೂತ ಮತ್ತು ಗೂಬೆ ಮೋರೆಯ ಕರಡಿ.

ಹರಿಹರದವರು ಇದಕ್ಕೆಲ್ಲ ಬೆರಗಾಗುವವರಲ್ಲ ಬಿಡಿ. ಅರ್ಧ ಹರಿ, ಅರ್ಧ ಹರನಾಗಿ ಬಂದ ದೇವರು, ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರದ ಸಂದಿಯಲ್ಲೇ ನುಗ್ಗಿ ಗುಹಾಸುರನನ್ನು ಮುಗಿಸಿದ ಊರದು.

ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಲ್ಲಿ ಮೀಸೆ ಹೊತ್ತವರು ರಬ್ಬರ್ ಹಲ್ಲಿಯೊಂದಕ್ಕೆ ಚೌಕಾಸಿ ಮಾಡುತ್ತಿದ್ದರೆ, “ಮಕ್ಕಳಿಗಾ?” ಅಂತ ಮಾತ್ರ ಕೇಳಬೇಡಿ.